ಮುಂದಿನ ಸೀಟೋ, ಹಿಂದಿನ ಸೀಟೋ?

ಬಸ್ಸಿನಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಕ್ರದ ಮೇಲಿನ ಸೀಟು ಮೊಣಕಾಲಿಗೆ ಶತ್ರು. ಬಾಗಿಲ ಪಕ್ಕದ್ದು ಬೇಗ ಇಳಿಯುವವರಿಗೆ ಅನುಕೂಲ. ಕಿಟಕಿಯ ಪಕ್ಕದ್ದು ಹೊಟ್ಟೆ ತೊಳಸುವವರಿಗೆ ಮೀಸಲು. ಎಲ್ಲಕ್ಕೂ ಹಿಂದಿನ ಉದ್ದನೆಯ ಸೀಟು ಕಾಲೇಜಿನ ಹುಡುಗರದು. ರಸ್ತೆಯ ಉಬ್ಬೊಂದನ್ನು ಬಸ್ಸು ಹಾರಿದಾಗ ನಡುವೆ ಕುಳಿತವರಿಗೆ ಅದು ಒಂದು ಸಣ್ಣ ಕುಲುಕು. ಹಿಂದಿನವರ ತಲೆ ಮಾತ್ರ ಮೇಲಿನ ತಗಡನ್ನು ಮುಟ್ಟಿ ಬರುತ್ತದೆ. ಇಷ್ಟಾದರೂ ಆ ಹುಡುಗರು ಆ ಸೀಟನ್ನು ಬಿಟ್ಟುಕೊಡುವುದಿಲ್ಲ. ನಾವು ಯಾವುದನ್ನು ಕಷ್ಟವೆಂದು ತಪ್ಪಿಸಿಕೊಳ್ಳುತ್ತೇವೆಯೋ ಅದನ್ನೇ ಅವರು ಸುಖವೆಂದು ಹುಡುಕಿಕೊಂಡು ಹೋಗುತ್ತಾರೆ.

ಈ ಹಿಂದಿನ ಸೀಟಿನ ಸುಖವನ್ನೇ ಟಿಕೆಟ್ಟು ಕೊಟ್ಟು ಮಾರುವ ವಾಹನವೊಂದುಂಟು. ಅದು ಯಾವ ಊರಿಗೂ ಹೋಗುವುದಿಲ್ಲ. ಹೊರಟ ಸ್ಥಳಕ್ಕೇ ಕೆಲವು ನಿಮಿಷಗಳಲ್ಲಿ ಹಿಂತಿರುಗುತ್ತದೆ. ಅದೇ ರೋಲರ್ ಕೋಸ್ಟರ್. ಕನ್ನಡದಲ್ಲಿ ಅದಕ್ಕೆ ಬೇರೆ ಹೆಸರು ರೂಢಿಗೆ ಬಂದಿಲ್ಲ. ಮಕ್ಕಳು ಜಾರಿ ಆಡುವ ಕಲ್ಲಿಗೆ ನಮ್ಮಲ್ಲಿ ‘ಜಾರುಬಂಡೆ’ ಎನ್ನುತ್ತಾರೆ. ಕೆಲವರ ಬಾಯಲ್ಲಿ ಅದು ‘ಜಾರುಬಂಡಿ’ಯಾಗಿದೆ. ಬಂಡೆಯು ಬಂಡಿಯಾದದ್ದು ನಾಲಗೆಯ ತಪ್ಪೇ ಇರಬಹುದು. ಆದರೆ ಹಳಿಗಳ ಮೇಲೆ ಜಾರುವ ಈ ಬಂಡಿಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ತೋರಲಿಲ್ಲ. ಆದ್ದರಿಂದ ವಾಚಕರ ಅಪ್ಪಣೆ ಪಡೆದು ಈ ಲೇಖನದ ಮಟ್ಟಿಗೆ ಅದನ್ನು ಜಾರುಬಂಡಿಯೆಂದೇ ಕರೆಯುತ್ತೇನೆ.

ಕನ್ನಡ ಅಧ್ಯಾಪಕನಿಗೆ ಈ ವಿಷಯದ ಗೊಡವೆ ಏಕೆಂದು ಕೇಳಬಹುದು. ಎರಡು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ, ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಹತ್ತು ವರ್ಷದ ಹುಡುಗ. ವಿನೋದವನವೊಂದಕ್ಕೆ ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟ ದಿನದಿಂದ ಅವನದು ಒಂದೇ ಪ್ರಶ್ನೆ: “ಮಾವ, ಮುಂದೆ ಕೂರೋಣವೋ, ಹಿಂದೆ ಕೂರೋಣವೋ?” ಉತ್ತರ ತಿಳಿಯದಿದ್ದಾಗ ‘ನಾಳೆ ಹೇಳುತ್ತೇನೆ’ ಎನ್ನುವುದು ಅಧ್ಯಾಪಕರ ಹಳೆಯ ಉಪಾಯ. ಹಾಗೆಂದು ರಾತ್ರಿ ಓದಲು ಕುಳಿತೆ. ಅಂದು ಓದಿ ತಿಳಿದದ್ದು ಒಂದು. ಆ ವಿನೋದವನದ ಬಾಗಿಲಲ್ಲಿ ನಿಂತು ತಿಳಿದದ್ದು ಇನ್ನೊಂದು. ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಈ ಬಂಡಿಯ ಹುಟ್ಟೂರು ಹಿಮದ ನಾಡಾದ ರಷ್ಯ. ಚಳಿಗಾಲದಲ್ಲಿ ಅಲ್ಲಿಯ ಜನ ಮರದ ಎತ್ತರದ ಅಟ್ಟಣೆ ಕಟ್ಟಿ, ಅದರ ಇಳಿಜಾರಿನ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಜಾರುಹಲಗೆಗಳಲ್ಲಿ ಕುಳಿತು ಜಾರುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಕ್ಯಾಥರೀನ್ ಮಹಾರಾಣಿ ಒರಾನಿಯೆನ್‌ಬಾಮ್ ಎಂಬಲ್ಲಿ ಇದಕ್ಕಾಗಿ ಒಂದು ಸೊಗಸಾದ ಮಂಟಪವನ್ನೇ ಕಟ್ಟಿಸಿದಳು. ಹಿಮವಿಲ್ಲದ ಬೇಸಿಗೆಯಲ್ಲೂ ಜಾರಲೆಂದು ಅಲ್ಲಿ ಚಕ್ರದ ಗಾಡಿಗಳಿದ್ದುವು. 1817ರಲ್ಲಿ ಈ ಆಟ ಪ್ಯಾರಿಸ್ ನಗರವನ್ನು ಮುಟ್ಟಿತು. ಫ್ರೆಂಚರು ಅದನ್ನು ‘ರಷ್ಯದ ಬೆಟ್ಟಗಳು’ ಎಂದು ಕರೆದರು. ಇಂದಿಗೂ ಹಾಗೆಯೇ ಕರೆಯುತ್ತಾರೆ. ಸೋಜಿಗವೆಂದರೆ, ರಷ್ಯನ್ನರು ಮಾತ್ರ ಇದನ್ನು ‘ಅಮೆರಿಕದ ಬೆಟ್ಟಗಳು’ ಎನ್ನುತ್ತಾರೆ. ತಾವು ಕೊಟ್ಟದ್ದನ್ನು ತಾವೇ ಮರೆತು, ಪರರಿಂದ ಬಂದುದೆಂದು ಮತ್ತೆ ಸ್ವೀಕರಿಸುವುದು ಭಾಷೆಗಳ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಅಮೆರಿಕದ ಹೆಸರು ಬಂದುದಕ್ಕೂ ಕಾರಣವಿಲ್ಲದಿಲ್ಲ. ಅಲ್ಲಿಯ ಪೆನ್ಸಿಲ್ವೇನಿಯದಲ್ಲಿ 1827ರಲ್ಲಿ ಬೆಟ್ಟದ ಗಣಿಯಿಂದ ಕಲ್ಲಿದ್ದಲನ್ನು ಕೆಳಗಿಳಿಸಲು ಒಂದು ಹಳಿ ಹಾಕಿದರು. ಎಂಜಿನ್ನಿಲ್ಲದೆ ತಮ್ಮ ಭಾರದಿಂದಲೇ ಉರುಳುವ ಆ ಡಬ್ಬಿಗಳಲ್ಲಿ ಕುಳಿತು ಬರಲು ಜನ ಹಣ ಕೊಡತೊಡಗಿದರು. ಮುಂದೆ, 1884ರಲ್ಲಿ, ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬಾತ ಐದು ಸೆಂಟಿಗೆ ಒಂದು ಸವಾರಿಯಂತೆ ಜಾರುಬಂಡಿಯನ್ನು ನಡೆಸಿದ. ಅದರ ವೇಗ ಗಂಟೆಗೆ ಸುಮಾರು ಆರು ಮೈಲಿ. ನಮ್ಮ ಜಟಕಾ ಕುದುರೆಯೂ ನಾಚಬೇಕಾಗಿರಲಿಲ್ಲ. ಪ್ರಯಾಣಿಕರು ಉದ್ದನೆಯ ಬೆಂಚಿನ ಮೇಲೆ ಪಕ್ಕಕ್ಕೆ ಮುಖಮಾಡಿ, ಸುತ್ತಲಿನ ನೋಟವನ್ನು ನೋಡುತ್ತ ಕುಳಿತಿರುತ್ತಿದ್ದರು. ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆ ಆಗ ಯಾರನ್ನೂ ಅಷ್ಟಾಗಿ ಕಾಡಿರಲಾರದು. ಅದು ಕಾಡತೊಡಗಿದ್ದು ಬಂಡಿ ಉದ್ದವಾಗಿ, ಬೆಟ್ಟ ಎತ್ತರವಾಗಿ, ವೇಗ ಹೆಚ್ಚಿದ ಮೇಲೆ. ಅದೇ ಕೋನಿ ದ್ವೀಪದಲ್ಲಿ 1927ರಲ್ಲಿ ತೆರೆದ ‘ಸೈಕ್ಲೋನ್’ ಎಂಬ ಮರದ ಜಾರುಬಂಡಿಯ ಮೊದಲ ಇಳಿತವೇ 85 ಅಡಿ; ವೇಗ ಗಂಟೆಗೆ 60 ಮೈಲಿ.

ಇನ್ನು ಸೀಟಿನ ಮಾತಿಗೆ ಬರೋಣ. ಜಾರುಬಂಡಿಗೆ ಬೆಟ್ಟದ ತುದಿಯವರೆಗೆ ಮಾತ್ರ ಸರಪಣಿಯ ಸೆಳೆತ. ಆ ಮೇಲೆ ಅದನ್ನು ನಡೆಸುವುದು ಅದರ ಭಾರ. ಡಬ್ಬಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಯಾವ ಗಳಿಗೆಯಲ್ಲಿ ನೋಡಿದರೂ ಎಲ್ಲಕ್ಕೂ ಒಂದೇ ವೇಗ. ಹಾಗಿದ್ದಮೇಲೆ ಸೀಟಿನಿಂದ ಸೀಟಿಗೆ ಭೇದವೆಲ್ಲಿಂದ ಬಂತು? ವೇಗ ಒಂದೇ ಆದರೂ ಆ ವೇಗ ಒದಗಿದಾಗ ನಾವಿರುವ ಸ್ಥಳ ಒಂದೇ ಅಲ್ಲ ಎಂಬುದೇ ಇದಕ್ಕೆ ಉತ್ತರ.

ಹಿತ್ತಲಿನ ಹಗ್ಗದ ಮೇಲೆ ಹರವಿದ ಒದ್ದೆ ಪಂಚೆಯನ್ನು ನೆನೆದುಕೊಳ್ಳಿ. ಒಂದು ಕಡೆಗೆ ಅದು ಜಾರತೊಡಗಿದಾಗ ಮೊದಲು ನಿಧಾನ. ಅರ್ಧಕ್ಕಿಂತ ಹೆಚ್ಚು ಆ ಕಡೆಗಿಳಿದ ಮೇಲೆ ಉಳಿದದ್ದು ಸರಸರನೆ ಓಡುತ್ತದೆ. ಕೊನೆಯ ಅಂಚಂತೂ ಚಿಮ್ಮಿಕೊಂಡು ಹಗ್ಗ ದಾಟಿ ಬೀಳುತ್ತದೆ. ಜಾರುಬಂಡಿಯ ಮೊದಲ ಇಳಿತದಲ್ಲಿ ನಡೆಯುವುದೂ ಇದೇ. ಎಲ್ಲಕ್ಕೂ ಮುಂದೆ ಕುಳಿತವನು ತುದಿಯನ್ನು ಮೆಲ್ಲನೆ ದಾಟುತ್ತಾನೆ. ಹಿಂದಿನ ಡಬ್ಬಿಗಳು ಇನ್ನೂ ಏರುತ್ತಿರುವುದರಿಂದ ಅವನು ಪ್ರಪಾತದ ಅಂಚಿನಲ್ಲಿ ಕತ್ತು ಚಾಚಿ ಒಂದೆರಡು ಗಳಿಗೆ ಕಾದಿರಬೇಕು. ಅವನ ಮುಂದೆ ಬೇರೆಯವರ ತಲೆಯಿಲ್ಲ. ಗಾಳಿಯೆಲ್ಲ ಅವನದೇ, ನೋಟವೆಲ್ಲ ಅವನದೇ. ಭಯವೂ ಅಷ್ಟೆ: ಅವನಿಗೆ ಅದು ಕಣ್ಣಿನಿಂದ ಬರುತ್ತದೆ.

ಕೊನೆಯ ಡಬ್ಬಿಯವನ ಸ್ಥಿತಿಯೇ ಬೇರೆ. ಅವನಿಗೆ ಕಾಣುವುದು ಮುಂದಿನವರ ಹಿಂದಲೆ. ಆದರೆ ಅವನ ಸರದಿ ಬರುವ ಹೊತ್ತಿಗೆ ಬಂಡಿಯ ಬಹುಭಾಗ ಇಳಿತದಲ್ಲಿ ಧುಮುಕಿರುತ್ತದೆ. ಪಂಚೆಯ ಅಂಚಿನಂತೆ ಅವನನ್ನು ತುದಿಯಾಚೆಗೆ ಎಳೆದೊಗೆಯುತ್ತದೆ. ಹಳಿ ಕೆಳಕ್ಕೆ ಬಾಗಿದರೂ ಅವನ ದೇಹ ತಾನು ಹಿಡಿದ ದಾರಿಯಲ್ಲೇ ಮುಂದುವರಿಯಲು ಹವಣಿಸುತ್ತದೆ. ಪೃಷ್ಠವು ಸೀಟನ್ನು ಬಿಟ್ಟೇಳುತ್ತದೆ. ಆ ಹೊತ್ತಿನಲ್ಲಿ ಅವನನ್ನು ಬಂಡಿಯೊಡನೆ ಇಟ್ಟುಕೊಳ್ಳುವುದು ತೊಡೆಯ ಮೇಲಿನ ಅಡ್ಡಕಂಬಿ. ಅವನ ಭಯ ಕಣ್ಣಿನದಲ್ಲ, ಹೊಟ್ಟೆಯದು.

ನಡುವಿನ ಸೀಟು ಸಾಧುಗಳಿಗೆಂದು ಹೇಳುವ ವಾಡಿಕೆಯುಂಟು. ಅದರಲ್ಲಿ ಅರ್ಧ ನಿಜವಿದೆ. ಬಂಡಿಯ ನಡುಭಾಗ ಗುಡ್ಡದ ನೆತ್ತಿಯ ಮೇಲಿರುವಾಗ ಇಡೀ ಬಂಡಿಯ ಭಾರ ಅತ್ಯಂತ ಎತ್ತರದಲ್ಲಿರುತ್ತದೆ. ಆದ್ದರಿಂದ ಆಗಲೇ ವೇಗ ಅತ್ಯಂತ ಕಡಿಮೆ. ಹೀಗೆ ನೆತ್ತಿಯನ್ನು ದಾಟುವಾಗ ನಡುವಿನವನಿಗೆ ಅಷ್ಟೇನೂ ಎತ್ತಿಹಾಕಿದಂತಾಗುವುದಿಲ್ಲ. ಆದರೆ ಕಣಿವೆಯಲ್ಲಿ ಲೆಕ್ಕ ತಿರುಗುತ್ತದೆ. ನಡುಭಾಗ ತಳವನ್ನು ಮುಟ್ಟಿದಾಗಲೇ ಬಂಡಿ ಅತ್ಯಂತ ವೇಗದಲ್ಲಿರುವುದರಿಂದ ಸೀಟಿಗೆ ಒತ್ತಿ ಅಮುಕುವ ಭಾರ ಅವನಿಗೇ ಹೆಚ್ಚು. ಮರದ ಜಾರುಬಂಡಿಗಳಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಬಲ್ಲವರು ಹೇಳುತ್ತಾರೆ: ಪ್ರತಿ ಡಬ್ಬಿಯಲ್ಲೂ ಚಕ್ರದ ನೇರ ಮೇಲಿರುವ ಸಾಲಿಗೆ ಕುಲುಕು ಹೆಚ್ಚು, ಚಕ್ರಗಳ ನಡುವಣ ಸಾಲಿಗೆ ಕಡಿಮೆ. ಬೆನ್ನುನೋವಿನವರು ಇದನ್ನು ನೆನಪಿನಲ್ಲಿಡಬಹುದು. ಬೆನ್ನಿನ ತೊಂದರೆ ಜೋರಾಗಿದ್ದವರು ಕೆಳಗೇ ನಿಂತು ಉಳಿದವರ ಚಪ್ಪಲಿ, ಚೀಲಗಳನ್ನು ಕಾಯುವುದು ಮೇಲು.

ಹಿಂದಿನ ಸೀಟಿನ ಮಹಿಮೆಗೆ ವೈದ್ಯಶಾಸ್ತ್ರದ ಸಾಕ್ಷಿಯೂ ದೊರೆತಿದೆಯೆಂದರೆ ವಾಚಕರು ನಗಬಹುದು. ಅಮೆರಿಕದ ಮಿಚಿಗನ್ನಿನ ವೈದ್ಯ ಡೇವಿಡ್ ವಾರ್ಟಿಂಗರ್ ಅವರ ರೋಗಿಯೊಬ್ಬ ಫ್ಲಾರಿಡದ ಡಿಸ್ನಿ ಉದ್ಯಾನದ ‘ಬಿಗ್ ಥಂಡರ್ ಮೌಂಟನ್’ ಎಂಬ ಜಾರುಬಂಡಿಯಲ್ಲಿ ಮೂರು ಸಲ ಕುಳಿತು ಬಂದನಂತೆ. ಪ್ರತಿ ಸಲವೂ ಅವನ ಮೂತ್ರಪಿಂಡದಿಂದ ಒಂದೊಂದು ಕಲ್ಲು ಹೊರಬಿತ್ತು. ವೈದ್ಯರು ಸಿಲಿಕೋನಿನಲ್ಲಿ ಮೂತ್ರಪಿಂಡದ ಪ್ರತಿಕೃತಿಯನ್ನು ಮಾಡಿಸಿ, ಅದರಲ್ಲಿ ಕಲ್ಲುಗಳನ್ನಿಟ್ಟು, ಚೀಲದಲ್ಲಿ ಹೊತ್ತು ಅದೇ ಬಂಡಿಯಲ್ಲಿ ಮತ್ತೆ ಮತ್ತೆ ಸವಾರಿ ಮಾಡಿದರು. ಮುಂದೆ ಕುಳಿತಾಗ ಕಲ್ಲು ಜಾರಿದ್ದು ನೂರಕ್ಕೆ ಸುಮಾರು 17 ಸಲ. ಹಿಂದೆ ಕುಳಿತಾಗ ಸುಮಾರು 64 ಸಲ. 2016ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ, ಮೊದಲು ನಗಿಸಿ ಆ ಮೇಲೆ ಚಿಂತಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಬಹುಮಾನ 2018ರಲ್ಲಿ ದೊರೆಯಿತು. ಒಂದೇ ಬಂಡಿ, ಒಂದೇ ಹಳಿ. ಆದರೂ ಮುಂದಿನ ಸವಾರಿ ಬೇರೆ, ಹಿಂದಿನ ಸವಾರಿ ಬೇರೆ ಎಂಬುದನ್ನು ಆ ಸಣ್ಣ ಕಲ್ಲುಗಳು ತೋರಿಸಿಕೊಟ್ಟವು.

ಇಷ್ಟು ತಿಳಿದುಕೊಂಡು ಮರುದಿನ ಹುಡುಗನಿಗೆ ವಿವರಿಸಿದೆ. ಅವನು ತಟ್ಟನೆ ಹಿಂದಿನ ಸೀಟನ್ನು ಆರಿಸಿದ. ಅಡಿಗೆಮನೆಯಿಂದ ನನ್ನ ತಂಗಿ ಕೇಳಿದಳು: “ಅದೆಲ್ಲ ಇರಲಿ ಅಣ್ಣ, ಯಾವ ಸೀಟು ಕ್ಷೇಮ?” ಅದಕ್ಕೆ ನಾನು ಸಿದ್ಧನಾಗಿರಲಿಲ್ಲ. ಸುಖದ ಲೆಕ್ಕ ಒಪ್ಪಿಸಿದ್ದೆ. ಕ್ಷೇಮದ ಲೆಕ್ಕ ಕೇಳುವುದು ತಾಯಿಗೆ ಮಾತ್ರ ತೋಚಿತು. ಮತ್ತೆ ಓದಿದೆ.

ಎರಡು ದುರಂತಗಳು ಎದುರು ಬಂದವು. ಲಂಡನ್ನಿನ ಬ್ಯಾಟರ್ಸಿ ಉದ್ಯಾನದಲ್ಲಿ 1972ರ ಮೇ 30ರಂದು, ಬೆಟ್ಟವೇರುತ್ತಿದ್ದ ಜಾರುಬಂಡಿಯೊಂದು ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂದಕ್ಕೆ ಉರುಳದಂತೆ ಹಿಡಿಯಬೇಕಾಗಿದ್ದ ತಡೆ ಹಿಡಿಯಲಿಲ್ಲ. ಹಿಂದುಹಿಂದಕ್ಕೆ ಓಡಿದ ಬಂಡಿಯ ಕೊನೆಯ ಡಬ್ಬಿ ಹಳಿ ತಪ್ಪಿ ಬೇಲಿಯನ್ನು ಮುರಿದು ನುಗ್ಗಿತು. ಐದು ಮಕ್ಕಳು ತೀರಿಕೊಂಡರು. ಅದೇ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2015ರ ಜೂನ್ 2ರಂದು, ಹದಿನಾರು ಜನರಿದ್ದ ಬಂಡಿ ಹಳಿಯ ಮೇಲೆ ನಿಂತಿದ್ದ ಖಾಲಿ ಬಂಡಿಗೆ ಹೋಗಿ ಅಪ್ಪಳಿಸಿತು. ಮುಂದಿನ ಸಾಲಿನವರಿಗೆ ಘೋರವಾದ ಪೆಟ್ಟು; ಇಬ್ಬರು ತರುಣಿಯರು ಒಂದೊಂದು ಕಾಲನ್ನು ಕಳೆದುಕೊಂಡರು. ಮುಂದೆ ಹಳಿ ತೆರವಾಗಿಲ್ಲವೆಂದು ಗಣಕಯಂತ್ರ ಬಂಡಿಯನ್ನು ತಡೆದು ನಿಲ್ಲಿಸಿಯೇ ಇತ್ತು. ಯಂತ್ರವೇ ತಪ್ಪಿದೆಯೆಂದು ತಿಳಿದ ಮನುಷ್ಯರು ಅದರ ತಡೆಯನ್ನು ಮೀರಿ ಬಂಡಿಯನ್ನು ಬಿಟ್ಟರು. ಮರುವರ್ಷ ನ್ಯಾಯಾಲಯ ಆ ಸಂಸ್ಥೆಗೆ ಐವತ್ತು ಲಕ್ಷ ಪೌಂಡುಗಳ ದಂಡ ವಿಧಿಸಿತು.

ಒಂದು ಕಡೆ ಹಿಂದಿನ ಡಬ್ಬಿಗೆ ಆಪತ್ತು, ಇನ್ನೊಂದು ಕಡೆ ಮುಂದಿನದಕ್ಕೆ. ಹಾಗಾದರೆ ಕ್ಷೇಮವನ್ನು ಸೀಟಿನಲ್ಲಿ ಹುಡುಕುವುದು ವ್ಯರ್ಥ. ಅದು ಸೀಟಿನ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಕಡೆ ಇದೆ. ಜಾನ್ ಮಿಲ್ಲರ್ ಎಂಬ ಅಮೆರಿಕದ ಶಿಲ್ಪಿ 1919ರಲ್ಲಿ ಹಳಿಯ ಅಡಿಯಲ್ಲೂ ಓಡುವ ಚಕ್ರಗಳಿಗೆ ಹಕ್ಕುಪತ್ರ ಪಡೆದ. ಹಳಿಯ ಮೇಲೊಂದು, ಪಕ್ಕದಲ್ಲೊಂದು, ಕೆಳಗೊಂದು — ಹೀಗೆ ಮೂರು ಬಗೆಯ ಚಕ್ರಗಳು ಹಳಿಯನ್ನು ಮುಷ್ಟಿಯಂತೆ ಹಿಡಿದಿರುವುದರಿಂದಲೇ ಬಂಡಿ ಗುಡ್ಡದ ನೆತ್ತಿಯಲ್ಲಿ ಹಾರಿಹೋಗುವುದಿಲ್ಲ. ಬೆಟ್ಟವೇರುವಾಗ ಹಿಂದಕ್ಕೆ ಜಾರದಂತೆ ಹಲ್ಲುಪಟ್ಟಿಯೊಂದರಲ್ಲಿ ಕೊಕ್ಕೆ ಬೀಳುವ ಏರ್ಪಾಡನ್ನು ರೂಢಿಗೆ ತಂದವನೂ ಅವನೇ. ಒಂದು ಬಂಡಿ ಇರುವ ಹಳಿಯ ಭಾಗಕ್ಕೆ ಇನ್ನೊಂದನ್ನು ಬಿಡಬಾರದೆಂಬ ನಿಯಮ ರೈಲಿನಿಂದ ಬಂದದ್ದು. 1895ರಲ್ಲಿ ಕೋನಿ ದ್ವೀಪದಲ್ಲಿ ಪೂರ್ಣ ವೃತ್ತಾಕಾರದಲ್ಲಿ ತಲೆಕೆಳಗಾಗಿ ಸುತ್ತುವ ಬಂಡಿಯೊಂದನ್ನು ಮಾಡಿ, ಸವಾರರ ಕತ್ತಿಗೆ ನೋವು ತಂದುಕೊಂಡರು. 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆ ವೃತ್ತವನ್ನು ನೀರಿನ ಹನಿಯ ಆಕಾರಕ್ಕೆ ತಿದ್ದಿದ ಮೇಲೆ ಆ ಸುತ್ತು ದೇಹಕ್ಕೆ ಸಹ್ಯವಾಯಿತು. ಸವಾರನು ಈ ಪೈಕಿ ಯಾವುದನ್ನೂ ಆರಿಸಿಕೊಳ್ಳಲಾರ. ಪ್ರತಿ ದಿನ ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಹಳಿ, ಚಕ್ರ, ಕೊಕ್ಕೆಗಳನ್ನು ನೋಡಿ ಬಂದವರನ್ನು ನಂಬಿ ಕುಳಿತುಕೊಳ್ಳಬೇಕು.

ಇನ್ನು ಬಾಗಿಲಲ್ಲಿ ಕಲಿತ ಪಾಠ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ನಮ್ಮ ಸರದಿ ಬಂತು. ಬಾಗಿಲ ಬಳಿ ಬಣ್ಣ ಬಳಿದ ಅಳತೆಗೋಲು. ಅದರ ಪಕ್ಕದಲ್ಲಿ ಉತ್ತರ ಕರ್ನಾಟಕದ ಕಡೆಯ ಒಬ್ಬ ತರುಣ. ಹುಡುಗನನ್ನು ಕೋಲಿಗೆ ಒರಗಿಸಿ ನಿಲ್ಲಿಸಿದ. ಹುಡುಗ ಹಿಮ್ಮಡಿ ಎತ್ತಿದ. ತರುಣ ನಗುತ್ತಲೇ ಅವನ ಭುಜವನ್ನೊತ್ತಿ ಇಳಿಸಿದ. “ಬರೂದಿಲ್ರೀ ಸರ. ಇನ್ನೂ ಎರಡ ಬೆರಳ ಕಡಿಮಿ ಐತಿ.”

ಹುಡುಗನ ಕಣ್ಣು ತುಂಬಿತು. ನನಗೂ ಏನೋ ಅವಮಾನವಾದಂತಾಯಿತು. ಕಾಲೇಜಿನಲ್ಲಿ ಪಾಠ ಹೇಳುವವನೆಂದೆ. ದೂರದ ಊರಿನಿಂದ ಬಂದ ಮಗುವೆಂದೆ. ಎರಡು ಬೆರಳಿನಲ್ಲಿ ಏನಿದೆಯೆಂದೆ. ಕೊನೆಗೆ, “ಏನಾದರೂ ಆದರೆ ಹೊಣೆ ನನ್ನದು” ಎಂದೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. “ಹೊಣಿ ನೀವು ತಗೋತೀರಿ, ಖರೆ ಐತ್ರಿ. ಆದ್ರ ಅದು ಕಂಬಿಗೆ ತಿಳಿಯೂದಿಲ್ರೀ ಸರ” ಎಂದು ಹೇಳಿ ಹಿಂದಿನವರನ್ನು ಕರೆದ. ನಾನು ಗೊಣಗುತ್ತ ಈಚೆ ಬಂದೆ. ಆ ದಿನವೆಲ್ಲ ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ.

ಅವನ ಮಾತು ಅರ್ಥವಾದದ್ದು ಆ ಮೇಲೆ. ಅಡ್ಡಕಂಬಿಯಾಗಲಿ, ಭುಜದ ಮೇಲಿಂದ ಬರುವ ಹಿಡಿಯಾಗಲಿ, ಒಂದು ಅಳತೆಯ ದೇಹಕ್ಕೆಂದು ಮಾಡಿದ್ದು. ಇಬ್ಬರಿಗೂ ಸೇರಿ ಒಂದೇ ಕಂಬಿಯಿರುವ ಬಂಡಿಯಲ್ಲಂತೂ ಅದು ದಪ್ಪ ತೊಡೆಯವನ ಮೇಲೆ ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಗೂ ಅದಕ್ಕೂ ನಡುವೆ ತೆರಪು ಉಳಿಯುತ್ತದೆ. ನೆತ್ತಿಯಲ್ಲಿ ಸೀಟು ನಮ್ಮನ್ನು ಬಿಟ್ಟುಬಿಡುವ ಆ ಗಳಿಗೆಗೆ ಅಷ್ಟು ತೆರಪು ಸಾಕು. ನನ್ನ ಪಕ್ಕದಲ್ಲಿ, ಅದೂ ಹಿಂದಿನ ಸೀಟಿನಲ್ಲಿ, ಆ ಹುಡುಗ ಕುಳಿತಿದ್ದರೆ ಎಂದು ನೆನೆದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡೇರಿಯನ್ ಲೇಕ್ ಎಂಬಲ್ಲಿ 2011ರ ಜುಲೈ 8ರಂದು ನಡೆದದ್ದು ಇದಕ್ಕೆ ಕರುಣಾಜನಕವಾದ ನಿದರ್ಶನ. ಇರಾಕಿನ ಯುದ್ಧದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡಿದ್ದ ಯೋಧನೊಬ್ಬ ಅಲ್ಲಿಯ ಜಾರುಬಂಡಿಯನ್ನೇರಿದ. ಎರಡೂ ಕಾಲುಗಳಿರಬೇಕೆಂದು ನಿಯಮವಿತ್ತು, ಆದರೂ ಬಿಟ್ಟರು. ಅಂಥವನ ಮುಂದೆ ನಿಂತು ‘ಬೇಡ’ ಎನ್ನಲು ಯಾರಿಗೆ ನಾಲಗೆ ಬಂದೀತು? ಗುಡ್ಡವೊಂದನ್ನು ದಾಟುವಾಗ ಅವನು ಬಂಡಿಯಿಂದ ಹೊರಕ್ಕೆ ಬಿದ್ದು ಪ್ರಾಣಬಿಟ್ಟ. ರಣರಂಗದಿಂದ ಬದುಕಿ ಬಂದವನನ್ನು ಆಟದ ಬಂಡಿ ಬಲಿತೆಗೆದುಕೊಂಡಿತು.

ನಮ್ಮಲ್ಲಿ ಇದಕ್ಕೆ ದಾಕ್ಷಿಣ್ಯವೆನ್ನುತ್ತೇವೆ. ‘ದಕ್ಷ’ ಎಂದರೆ ಸಮರ್ಥ. ಅದೇ ಮೂಲದ ‘ದಕ್ಷಿಣ’ ಶಬ್ದದಿಂದ ‘ದಾಕ್ಷಿಣ್ಯ’ ಬಂದಿದೆ. ಹುಟ್ಟಿನಲ್ಲಿ ಒಂದೇ ಮನೆಯವಾದರೂ ಕನ್ನಡದ ಬಾಳಿನಲ್ಲಿ ಇವೆರಡೂ ಎಷ್ಟೋ ದೂರ ಸರಿದಿವೆ. ದಾಕ್ಷಿಣ್ಯಕ್ಕೆ ಸಿಕ್ಕಿದವಳ ಪಾಡೇನಾಯಿತೆಂಬ ಗಾದೆಯನ್ನು ಭಾನುವಾರದ ಪತ್ರಿಕೆಯಲ್ಲಿ ಬರೆಯುವುದು ಸಭ್ಯವಾಗದು, ವಾಚಕರು ಬಲ್ಲರು. ನಾನೂ ದಾಕ್ಷಿಣ್ಯದವನೇ. ಹಾಜರಿ ಎರಡು ದಿನ ಕಡಿಮೆಯಿದ್ದ ಹುಡುಗರ ತಂದೆತಾಯಿಗಳು ಬಂದು ನಿಂತಾಗ ಎಷ್ಟೋ ಸಲ ಕಣ್ಣುಮುಚ್ಚಿ ರುಜು ಹಾಕಿದ್ದೇನೆ. ಅದರಿಂದ ಯಾರ ಪ್ರಾಣವೂ ಹೋಗಲಿಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ. ಆ ತರುಣನಿಗೆ ಅಂಥ ಸಮಾಧಾನದ ಅವಕಾಶವಿರಲಿಲ್ಲ. ದಿನಕ್ಕೆ ನೂರು ಮಕ್ಕಳ ಅಳುವನ್ನೂ ನನ್ನಂಥ ಹತ್ತು ಜನರ ಗೊಣಗಾಟವನ್ನೂ ಸಹಿಸಿಕೊಂಡು ಅವನು ಅಳತೆಗೋಲಿನ ಪಕ್ಕದಲ್ಲಿ ನಿಂತಿರಬೇಕು.

ಆದ್ದರಿಂದ ಸೀಟನ್ನು ಆರಿಸುವವರಿಗೆ ನನ್ನ ಸಲಹೆ ಇಷ್ಟು. ನೋಟ ಬೇಕಾದರೆ ಮುಂದೆ, ಸೆಳೆತ ಬೇಕಾದರೆ ಹಿಂದೆ, ಮೊದಲ ಸಲವಾದರೆ ನಡುವೆ, ಸಾಧ್ಯವಾದರೆ ಚಕ್ರವಿಲ್ಲದ ಸಾಲಿನಲ್ಲಿ ಕುಳಿತುಕೊಳ್ಳಿ. ಎಲ್ಲಿ ಕುಳಿತರೂ ಬೆನ್ನನ್ನೂ ತಲೆಯನ್ನೂ ಒರಗಿಗೆ ಒತ್ತಿಡಿ. ಕಂಬಿ ತೊಡೆಗೆ ತಗುಲುವಂತೆ ಬಂತೇ ಎಂದು ನೀವೇ ಒಮ್ಮೆ ಅಲುಗಿಸಿ ನೋಡಿ. ಸಂದೇಹವಿದ್ದರೆ ಬಂಡಿ ಹೊರಡುವ ಮುನ್ನವೇ ಕೂಗಿ ಹೇಳಿ, ನಾಚಿಕೆ ಬೇಡ. ದುಪಟ್ಟ, ಬಿಚ್ಚಿದ ಜಡೆ, ಕನ್ನಡಕ, ಮೊಬೈಲು ಇವುಗಳ ವ್ಯವಸ್ಥೆಯನ್ನು ಕೆಳಗೇ ಮಾಡಿಕೊಳ್ಳಿ. ಗರ್ಭಿಣಿಯರೂ ಹೃದ್ರೋಗಿಗಳೂ ಏರಬಾರದೆಂಬ ಫಲಕವನ್ನು ಅಲಂಕಾರಕ್ಕೆ ಹಾಕಿರುವುದಿಲ್ಲ. ಬಂಡಿ ಪೂರ್ತಿ ನಿಲ್ಲುವವರೆಗೆ ಏಳಬೇಡಿ. ಬಾಗಿಲಲ್ಲಿ ‘ಬೇಡ’ ಎಂದವನೊಡನೆ ವಾದಿಸಬೇಡಿ.

ಕಳೆದ ವರ್ಷದ ರಜೆಯಲ್ಲಿ ಹುಡುಗ ಮತ್ತೆ ಬಂದ. ಅಳತೆಗೋಲಿನ ಗೆರೆಯನ್ನು ಅವನ ತಲೆ ಮುಟ್ಟಿ ಮೀರಿತ್ತು. ಆ ತರುಣನಿರಲಿಲ್ಲ, ಅವನ ಜಾಗದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹಿಂದಿನ ಸೀಟಿನಲ್ಲೇ ಕುಳಿತೆವು. ಆಕೆ ಬಂದು ನಮ್ಮ ಕಂಬಿಗಳನ್ನು ಒಂದು ಸಲ ಒತ್ತಿ, ಒಂದು ಸಲ ಎಳೆದು ನೋಡಿ ಮುಂದಕ್ಕೆ ಹೋದಳು. ಬಂಡಿ ಏರತೊಡಗಿತು. ಹಳೆಯ ಗೋಡೆಗಡಿಯಾರಕ್ಕೆ ಕೀಲಿ ಕೊಡುವಾಗ ಬರುವಂಥ ಕಟಕಟ ಶಬ್ದ ಕೆಳಗಿನಿಂದ ಕೇಳಿಬಂತು. “ಮಾವ, ಏನದು ಸದ್ದು? ಮುರಿಯುತ್ತಿದೆಯಾ?” ಎಂದು ಹುಡುಗ ನನ್ನ ತೋಳನ್ನು ಹಿಡಿದುಕೊಂಡ. ಕೊಕ್ಕೆ ಒಂದೊಂದೇ ಹಲ್ಲಿಗೆ ಬೀಳುತ್ತಿದೆ, ಹಿಂದಕ್ಕೆ ಬಿಡುವುದಿಲ್ಲ ಎಂದೆ. ಇಬ್ಬರೂ ಆ ಸದ್ದನ್ನು ಎಣಿಸುತ್ತ ತುದಿಯವರೆಗೆ ಹೋದೆವು.